ಆರನೆಯ ಪುಟದ ಹೆಂಗಸು

ಜೂನ್ ೧೫, ಭಾನುವಾರ

ನನ್ನ ಮಸಿಮೂತಿಯ ತಮ್ಮನಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಬ್ರಷ್ ನೆಕ್ಕಿಕೊಂಡೇ ದಿನ ದೂಡುತ್ತಿದ್ದೀಯೋ? ನಿನ್ನ ಹೊಸ ಕಾಮಿಕ್ಸ್ ಸಂಚಿಕೆ ಕೈಗೆ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಅಕ್ಷರ ಕಾಗೆ ಕಾಲಿನ ಹಾಗಿದೆ ಎಂದು ನಗಲೂ ಬೇಡ. ಬಾತ್‌ರೂಮಿನಲ್ಲಿ ಜಾರಿ ಬಲಗೈ ಮಣಿಕಟ್ಟು ಊದಿಕೊಂಡಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಕಿವಿ ಹಿಂಡುತ್ತೇನೆ. ಚಿತ್ರಗಳೆಂದರೆ ಚಿತ್ರಗಳು! ಆ ಮುಖವಾಡದ ಖಳನಾಯಕ ಗರಗಸ ಬಾಗಿಲು ಒದ್ದಾಗ ಕೀಲು ಕಿತ್ತು ಹಾರಿದ್ದು ನನಗೆ ಕೇಳಿಸಿತು. ಐದನೆಯ ಪುಟದಲ್ಲಿ ಅವನು ಆ ಹೆಂಗಸಿನ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸುತ್ತಾನೆ. ಆರನೆಯ ಪುಟದಲ್ಲಿ ಅವಳು ನೆಲದ ಮೇಲೆ. ತುಟಿ ಸೀಳಿದೆ, ಒಂದು ಕಣ್ಣು ಮುಚ್ಚಿಹೋಗಿದೆ, ಕೈ ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದಿದೆ. ಪುಸ್ತಕ ಮಡಿಚಿಟ್ಟು ನೀರು ಕುಡಿದು ಬಂದೆ.

ಆದರೆ ಕಥೆ? ಆಮೆಯೇ ವಾಸಿ ಕಣೋ! ಅವಳು ಕಿರುಚಿದ್ದು ಆರನೆಯ ಪುಟದಲ್ಲಿ. ಅದನ್ನು ಕೇಳಿ ಹೊರಟ ನಿನ್ನ ಹೀರೋ ಸಿಡಿಲುಗೈ ಮನೆ ಮುಟ್ಟುವುದು ಇಪ್ಪತ್ತನೆಯ ಪುಟಕ್ಕೆ. ನಡುವೆ ಏನು ಮಾಡಿದ ಮಹಾರಾಯ? ಗೋಪುರದ ಮೇಲೆ ನಿಂತ. ಮೋಡ ನೋಡಿದ. ಅವನ ಮೇಲಂಗಿಯೇ ಎರಡು ಪುಟ ಹಾರಾಡಿತು. ಬಂದ ಮೇಲೇನೋ ಗರಗಸನ ದವಡೆ ಒಡೆದ, ಹಲ್ಲು ಗೋಡೆಗೆ ಸಿಡಿಯುವ ಹಾಗೆ ಗುದ್ದಿದ, ತೋಳು ತಿರುಚಿ ಲಟಕ್ಕನೆ ಮುರಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅಷ್ಟು ಹೊತ್ತು ಅವಳು ಏನು ಮಾಡುತ್ತಿದ್ದಳು ಎಂದು ಒಂದು ಚೌಕದಲ್ಲಾದರೂ ತೋರಿಸಬಾರದಿತ್ತೇ? ನನಗೆ ನಿಜವಾಗಿಯೂ ಸಿಟ್ಟು ಬಂತು.

ನಿನ್ನ ಭಾವನಿಗೆ ಮಾತ್ರ ತುಂಬಾ ಹಿಡಿಸಿತು. ಆರನೆಯ ಪುಟವನ್ನು ಬಹಳ ಹೊತ್ತು ನೋಡಿ, "ನಿನ್ ತಮ್ಮ ಕಲಾವಿದ ಕಣೇ, ಏನ್ ಬಿಡಿಸಿದಾನೆ!" ಎಂದು ನಕ್ಕರು. ಅವರ ಮೂಗಿನ ತುದಿಯ ಕೋಪ ಹಾಗೇ ಇದೆ. ಮೊನ್ನೆ ಸಿಲಿಂಡರ್ ತಂದವನು ಎರಡು ಸಲ ಬೆಲ್ ಒತ್ತಿದನೆಂದು ಕೊರಳಪಟ್ಟಿ ಹಿಡಿದು ಮೆಟ್ಟಿಲಿಂದ ತಳ್ಳಿದರು. ಪಾಪ, ಅವನ ಹಣೆ ಒಡೆದು ಅಂಗಿಯೆಲ್ಲ ರಕ್ತ. ಎದುರುಮನೆಯ ಟೀಚರು ಬಾಗಿಲ ಸಂದಿಯಿಂದ ನೋಡಿದರು, ನನ್ನ ಮುಖವನ್ನೂ ಒಮ್ಮೆ ನೋಡಿ ಚಿಲಕ ಹಾಕಿಕೊಂಡರು.

ನೆನಪಿದೆಯಾ, ಚಿಕ್ಕಂದಿನಿಂದಲೂ ನಿನ್ನ ಎಲ್ಲ ಕೊಲೆಗಳಿಗೂ ಹೆಣ ನಾನೇ! ಟೊಮ್ಯಾಟೊ ಸಾಸ್ ಬಳಿದುಕೊಂಡು ನಾನು ಬಿದ್ದುಕೊಳ್ಳುವುದು, ನೀನು ಬಿಡಿಸುವುದು, ಅಮ್ಮ ಸೌಟು ಹಿಡಿದು ಇಬ್ಬರನ್ನೂ ಅಟ್ಟಿಸಿಕೊಂಡು ಬರುವುದು. ಈ ಸಂಚಿಕೆಗೂ ನೀನು ಫೋನ್ ಮಾಡಿ, "ಅಕ್ಕಾ, ಏಟು ತಿಂದು ಬಿದ್ದಿರೋ ಹೆಂಗಸಿನ ಫೋಟೋ ಬೇಕಿತ್ತು, ನಿಧಾನಕ್ಕೆ ಕಳಿಸು" ಎಂದೆ. ಫೋನಿಟ್ಟ ಕೂಡಲೇ ಕಳಿಸಿದೆ. "ಇಷ್ಟ್ ಬೇಗ ಮೇಕಪ್ಪಾ? ಸೂಪರ್ ಅಕ್ಕ! ಸಾಸ್ ಬಿಟ್ಟು ಏನ್ ಹಚ್ಚಿದೆ?" ಎಂದು ನೀನು ಕೇಳಿದ್ದೆ. ನಾನು ಫೋನ್ ಮಗುಚಿಟ್ಟೆ.

ಒಂದು ತಿದ್ದುಪಡಿ ಇದೆ. ಮುಂದಿನ ಸಂಚಿಕೆಯಲ್ಲೂ ಅವಳಿದ್ದರೆ ಕಣ್ಣಿನ ಸುತ್ತ ಕೆಂಪು ಬಣ್ಣ ಉಳಿಸಬೇಡ. ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ.

ನಿನ್ನ ಕೈ ಎಂದೂ ನಡುಗದಿರಲಿ, ಕಣ್ಣು ಮಂಜಾಗದಿರಲಿ. ನೂರು ಸಂಚಿಕೆ ಬಿಡಿಸಿ ಚೆನ್ನಾಗಿ ಬಾಳು.

ಇಂತಿ,
ನಿನ್ನ ಹಳೆಯ ಹೆಣ,
ಅಕ್ಕ

ತಾ.ಕ.: ಏನೂ ಹಚ್ಚಿರಲಿಲ್ಲ ಕಣೋ. ನಿನ್ನ ಫೋನ್ ಬಂದಾಗ ನಾನಿನ್ನೂ ನೆಲದಿಂದ ಎದ್ದಿರಲಿಲ್ಲ. ನಿನ್ನ ಭಾವ ಆಗಷ್ಟೇ ನನ್ನನ್ನು ಗೋಡೆಗೆ ಜಜ್ಜಿ ಹೊರಗೆ ಹೋಗಿದ್ದ. ನೋಡಿದ ತಕ್ಷಣ ನಿನಗೆ ಗೊತ್ತಾಗುತ್ತದೆ ಎಂದುಕೊಂಡು, ಫೋನನ್ನು ಕುರ್ಚಿಗೆ ಒರಗಿಸಿ ಇದ್ದ ಹಾಗೇ ತೆಗೆದು ಕಳಿಸಿದೆ. ನೀನು ಒಂದೊಂದು ಗಾಯವನ್ನೂ ತಪ್ಪದೆ ಬಿಡಿಸಿದೆ, ಅಕ್ಕನನ್ನು ಮಾತ್ರ ನೋಡಲಿಲ್ಲ. ಅವನ ಏಟಿಗಿಂತ ಅದೇ ಹೆಚ್ಚು ನೋಯುತ್ತಿದೆ. ಬಾತ್‌ರೂಮಿನಲ್ಲಿ ಜಾರಿದ್ದೂ ಸುಳ್ಳು, ಮಣಿಕಟ್ಟು ಮುರಿದವನೂ ಅವನೇ. ಬಟ್ಟೆ ತುಂಬಿಟ್ಟಿದ್ದೇನೆ, ಒಂದೇ ಕೈಯಲ್ಲಿ ಚೀಲ ಎತ್ತಲಾಗುತ್ತಿಲ್ಲ. ಗೋಪುರದ ಮೇಲೆ ನಿಲ್ಲಬೇಡ. ಬಾ.