ದೊರೆಯ ಉಗುರು

ಹಾಸ್ಟೆಲ್, ರೂಮ್ ನಂಬರ್ 14
ಗುರುವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಸ್ಸು ಓಡಿಸುವ ಮಾವನ ಕೈಯಲ್ಲಿ ಕೊಡುತ್ತಿದ್ದೇನೆ, ಸಂಜೆಯೊಳಗೆ ನಿನಗೆ ಸಿಗುತ್ತದೆ. ಬೆಳಿಗ್ಗೆ ಫೋನಿನಲ್ಲೇ ಹೇಳಬೇಕಿತ್ತು. ಗುಂಡನಿಗೆ ಮೂರು ವಾರದಿಂದ ಜ್ವರ ಬಿಟ್ಟು ಬಿಟ್ಟು ಬರ್ತಿದೆ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಅಂತ ನೀನು ನಕ್ಕೆ. ನಾನು ನೆಟ್‌ವರ್ಕ್ ಇಲ್ಲ ಎಂದು ಇಟ್ಟುಬಿಟ್ಟೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ತಮ್ಮನನ್ನು ಇವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಬೀದಿ ತುದಿಯ ಕ್ಲಿನಿಕ್ ಬೇಡ, ಅವರು ಟೈಫಾಯಿಡ್ ಇರಬಹುದು ಎಂದು ಇನ್ನೊಂದು ಚೀಟಿ ಬರೆಯುತ್ತಾರೆ ಅಷ್ಟೆ. ಹೊಟ್ಟೆಯ ಎಡಗಡೆ ಗುಲ್ಮ ಊದಿದೆಯಾ ನೋಡಿ, ಕಾಲಾ ಅಜಾರ್ ಅನ್ನುವ ಜ್ವರಕ್ಕೆ ರಕ್ತ ಟೆಸ್ಟ್ ಮಾಡಿ ಅಂತ ನೀನೇ ಬಾಯಿಬಿಟ್ಟು ಕೇಳು. ನಮ್ಮ ದೊರೆಯ ವಿಷಯವನ್ನೂ ಹೇಳು, ಮನೆಯಲ್ಲಿ ನಾಯಿ ಇದೆ ಎಂದು. ಬೇಗ ಹಿಡಿದರೆ ಗುಣವಾಗುತ್ತದೆ. ಹಿಡಿಯದಿದ್ದರೆ ಏನಾಗುತ್ತದೆಂದು ಬರೆಯಲಾರೆ.

ನಿನ್ನೆ ಕ್ಲಾಸಿನಲ್ಲಿ ಮೇಡಂ ಇದೇ ಪಾಠ ಮಾಡಿದರು. ಹಳ್ಳಿ ಕಾಯಿಲೆ ಅಂದುಕೊಂಡಿದ್ವಿ, ಅದೂ ಈಗ ಸಿಟಿಯಲ್ಲಿ ರೂಮ್ ಮಾಡ್ಕೊಂಡಿದೆ ಎಂದರು. ಎಲ್ಲರೂ ನಕ್ಕರು. ಮರಳುನೊಣ ಅಂತ ಒಂದಿದೆಯಂತೆ. ಸೊಳ್ಳೆಯಷ್ಟೂ ದೊಡ್ಡದಲ್ಲ, ಗುಂಯ್ ಅನ್ನುವುದೂ ಇಲ್ಲ, ಸೊಳ್ಳೆಪರದೆಯ ತೂತಿನಲ್ಲೇ ನುಸುಳುತ್ತದೆ. ನಮ್ಮ ಹೊಲಿಗೆ ಕೋಣೆಯ ಹಿಂದೆ ಕೋಳಿಗೂಡು, ಒದ್ದೆ ಕಸ, ಬಿರುಕು ಗೋಡೆ ಇದೆಯಲ್ಲ, ಅಂಥ ಕಡೆಯೇ ಅದರ ಸಂಸಾರ. ದೊರೆ ನೆಕ್ಕಿದರೆ ಏನೂ ಬರುವುದಿಲ್ಲ. ದೊರೆಯ ರಕ್ತ ಕುಡಿದ ನೊಣ ಗುಂಡನನ್ನು ಕಚ್ಚಿದರೆ ಬರುತ್ತದೆ. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಾರೆ.

ಆಮೇಲೆ ಸ್ಲೈಡಿನಲ್ಲಿ ಈ ಕಾಯಿಲೆ ಬಂದ ಒಂದು ನಾಯಿ ಬಂತು. ಕಣ್ಣ ಸುತ್ತ ಕೂದಲಿಲ್ಲ, ಉಗುರು ಕುಡುಗೋಲಿನ ಹಾಗೆ ಬೆಳೆದು ಬಾಗಿತ್ತು. ನಮ್ಮ ದೊರೆ ಅಮ್ಮ, ಥೇಟ್ ನಮ್ಮ ದೊರೆ.

ಸೆಮಿಸ್ಟರ್ ರಜೆಯಲ್ಲಿ ನಾಯಿ ತಪಾಸಣೆಯವರು ಬಂದಿದ್ದು ನೆನಪಿದೆಯಾ? ಹಿಂದಿನ ದಿನ ನಿನ್ನ ಬಟ್ಟೆ ಕತ್ತರಿಯಲ್ಲೇ ದೊರೆಯ ಉಗುರು ಕತ್ತರಿಸಿದ್ದೆ, ಬೆಡ್‌ಶೀಟಿಗೆ ಸಿಕ್ಕಿಕೊಳ್ಳುತ್ತೆ ಎಂದು. ಕಣ್ಣ ಹತ್ತಿರ ಏನಮ್ಮ ಇದು ಅಂತ ಆ ತಪಾಸಣೆಯಕ್ಕ ಕೇಳಿದರು. ಬೆಕ್ಕು ಪರಚಿದ್ದು, ನಾನು ವೆಟರ್ನರಿ ಸ್ಟೂಡೆಂಟ್ ಎಂದೆ. ಓದಿದ್ದು ಒಂದೇ ಸೆಮಿಸ್ಟರ್. ಅವರು ಗಿಡ್ಡ ಉಗುರು ನೋಡಿ, ಡಾಕ್ಟ್ರಮ್ಮ ಮನೇಲೇ ಇರುವಾಗ ನಮಗೇನು ಕೆಲಸ ಎಂದು ನಗುತ್ತಾ ರಕ್ತ ತೆಗೆಯದೆ ಮುಂದಿನ ಮನೆಗೆ ಹೋದರು. ನೀನು ಹೆಮ್ಮೆಯಿಂದ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ.

ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡು. ಈ ಸಲ ಇಟ್ಟುಬಿಡುವುದಿಲ್ಲ.

ನಿನ್ನ,
ದೊಡ್ಡವಳು

ತಾ.ಕ.: ಬೆಡ್‌ಶೀಟಿನ ಮಾತು ಸುಳ್ಳು. ರಜೆಗೆ ಹೊರಡುವ ದಿನವೇ ಈ ಕಾಯಿಲೆ ಬಂದ ನಾಯಿಯ ಉಗುರು ಉದ್ದ ಬೆಳೆಯುತ್ತದೆ ಎಂದು ಕಾಲೇಜಿನ ಗೋಡೆಯ ಮೇಲೆ ಪೋಸ್ಟರ್ ಓದಿದ್ದೆ, ಕಾಯಿಲೆ ನಾಯಿಗಳನ್ನು ಎತ್ತಿಕೊಂಡು ಹೋಗ್ತಾರೆ ಅಂತಲೂ ಸೀನಿಯರ್ ಹೇಳಿದ್ದಳು. ಐದನೇ ಕ್ಲಾಸಿನಿಂದಲೂ ನಾನು ಹಾಸ್ಟೆಲ್ಲಿನಲ್ಲೇ, ಮನೆಗೆ ಬಂದಾಗಲೆಲ್ಲ ನೀವು ಮಾರ್ಕ್ಸ್ ಕೇಳುತ್ತಿದ್ದಿರಿ, ದೊರೆ ಮಾತ್ರ ಓಡಿ ಬರುತ್ತಿದ್ದ. ಗೊತ್ತಿದ್ದೇ ಕತ್ತರಿಸಿದೆ ಅಮ್ಮ. ಗುಂಡನಿಗೆ ಹೇಳಬೇಡ.