ಹೋಗಿ ಬನ್ನಿ

ಅಣ್ಣಾ,

ನಾವು ರಜೆಗೆ ಬಂದಿರುವ ಈ ತೋಟದಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಈ ಕಾಗದ. ನಾವು ಉಳಿದಿರುವುದು ಹೆಸರಿಗಷ್ಟೇ ಡೇರೆ, ಒಳಗೆ ಮಂಚ, ನಿಲುವುಗನ್ನಡಿ, ಬಿಸಿನೀರು ಎಲ್ಲ ಇದೆ. ಪಕ್ಕದಲ್ಲಿ ಮೇಕೆ ಕೊಟ್ಟಿಗೆ, ಬೇಲಿ ದಾಟಿದರೆ ಸಮುದ್ರ. ತೋಟದ ಯಜಮಾನಿಗೆ ಒಂದು ಚಾಳಿ. ನಾವು ಬಚ್ಚಲಿಗೆ ಹೊರಟರೂ "ಹೋಗಿ ಬನ್ನಿ" ಅನ್ನುತ್ತಾರೆ. ಅದನ್ನೇ ಆಡಿಕೊಂಡು ನಾವಿಬ್ಬರೂ ನಗುತ್ತಿದ್ದೆವು.

ಬೆಳಿಗ್ಗೆ ನೀರು ಇಳಿದಿತ್ತು. ಮರಳಿನ ಮೇಲೆ ನಡೆದು ಆಚೆಯ ಬಂಡೆ ನೋಡಿ ಬರುತ್ತೇನೆಂದು ಇವರು ಹೊರಟರು. ಯಜಮಾನಿ ಹಾಲು ಕರೆಯುತ್ತಲೇ "ಹೋಗಿ" ಅಂದರು. ಅಷ್ಟೇ.

ಈಗ ನೀರು ಬೇಲಿ ಮುಟ್ಟಿದೆ. ಇವರು ಬಂದಿಲ್ಲ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಊಟಕ್ಕೆ ಯಜಮಾನಿ ಒಂದೇ ತಟ್ಟೆ ಇಟ್ಟರು. "ಇವರಿಗೆ?" ಅಂದೆ.

"ನಾನು ಬನ್ನಿ ಅಂದಿರಲಿಲ್ವಲ್ಲಮ್ಮ," ಅಂದರು, ನನ್ನ ತಲೆ ಸವರುತ್ತಾ.

ನಿನ್ನದು ಬರೀ ಪುಕ್ಕಲುತನ ಅನ್ನಬೇಡ. ಪೊಲೀಸರಿಗೆ ಹೇಳಿ, ಕಾರು ತೆಗೆದುಕೊಂಡು ತಕ್ಷಣ ಬಾ. ಇವರಿಗೊಂದು ಸ್ವೆಟರ್ ತಾ, ನೆಂದಿರುತ್ತಾರೆ. ಇವರನ್ನು ಬಿಟ್ಟು ನಾನು ಹೊರಡಲಾರೆ.

ಹಾಲಿನ ವ್ಯಾನು ಗೇಟಿನ ಹತ್ತಿರ ಬಂದು ನಿಂತಿದೆ. "ಈ ಕಾಗದ ಕೊಟ್ಟು ಬರ್ತೀನಿ," ಅಂದೆ ಯಜಮಾನಿಗೆ.

ಅವರು ತಲೆ ಎತ್ತಲಿಲ್ಲ. "ಹೋಗಿ," ಅಂದರು.

ನಿನ್ನ ತಂಗಿ