ಸುಮ್ಮನೆ ಕಾಯುವ ಎಡಿಟರ್

ಮಾರ್ಚ್ 3, ಸೋಮವಾರ

ಹತ್ತು ಗಂಟೆಗೆ ಎಂಟೂ ಕಂಪ್ಯೂಟರ್ ಆನ್ ಮಾಡಿದೆ. ಏಳು ಎದ್ದವು. ಎಂಟನೆಯದು ಎಂದಿನಂತೆ ಮುನಿಸಿಕೊಂಡಿತ್ತು, ಬದಿಗೆ ಒಂದು ತಟ್ಟಿದ ಮೇಲೆ ಎದ್ದಿತು. ಲೈಬ್ರರಿಯ ನೆಲಮಾಳಿಗೆ ಇದು. ಕಿಟಕಿಯಲ್ಲಿ ರಸ್ತೆಯವರ ಕಾಲು ಮಾತ್ರ ಕಾಣುತ್ತದೆ. ಆದರೂ ರಿಟೈರ್ ಆದವಳಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇದೆಯಲ್ಲ... ಅದೇ ದೊಡ್ಡದು.

ನಾನು ಕಲಿಸುವ ಪ್ರೋಗ್ರಾಮಿಂಗ್ ಕ್ಲಾಸಿಗೆ ಐದು ಜನ. ಐವತ್ತರ ಕೆಳಗಿನವರು ಯಾರೂ ಇಲ್ಲ. ರಿಟೈರ್ಡ್ ನರ್ಸ್, ಬಸ್ ಡ್ರೈವರ್, ಬೇಕರಿಯಾಕೆ, ಆಕೆಯ ಓರಗಿತ್ತಿ, ಮತ್ತೆ ಮೂಲೆಯಲ್ಲಿ ವಾಚ್ ರಿಪೇರಿಯವರು. ಈ ಕೊನೆಯವರಿಗೆ ಮಾತು ತಡೆಯುತ್ತದೆ. ಅದಕ್ಕೇ ಹೆಚ್ಚು ಮಾತಾಡುವುದಿಲ್ಲ.

ಕೋಡ್ ಬರೆಯುವ ಸಾಫ್ಟ್‌ವೇರ್, ಅಂದರೆ ಎಡಿಟರ್, ಯಾವುದನ್ನು ಹಾಕಿಸುವುದು? ತಮ್ಮನಿಗೆ ಫೋನ್ ಮಾಡಿದೆ. ಅವನ ಅನ್ನವೇ ಪ್ರೋಗ್ರಾಮಿಂಗ್.

“ದೊಡ್ಡದನ್ನೇ ಹಾಕ್ಸು ಅಕ್ಕ. ಎರಡಕ್ಷರ ಟೈಪ್ ಮಾಡಿದ್ರೆ ಸಾಕು, ಉಳಿದಿದ್ದು ಅದೇ ಬರ್ಕೊಳ್ಳತ್ತೆ. ಥೇಟ್ ನಿನ್ ಹಾಗೆ!”

ನಕ್ಕೆ. ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷ ಹೆಲ್ಪ್‌ಲೈನ್‌ನಲ್ಲಿ ಕೂತವಳು. ಒಂದು ಕಾಲ್‌ಗೆ ನಾಲ್ಕೇ ನಿಮಿಷ. ಗಿರಾಕಿ ಬಾಯಿ ತೆರೆದರೆ ಸಾಕು, ವಾಕ್ಯ ಮುಗಿಸುವುದು ನಾನು. ಅದಕ್ಕೊಂದು ಶೀಲ್ಡ್ ಕೂಡ ಕೊಟ್ಟಿದ್ದಾರೆ. ಟಿವಿ ಪಕ್ಕದಲ್ಲಿದೆ, ವಾರಕ್ಕೊಮ್ಮೆ ಒರೆಸುತ್ತೇನೆ.

ದೊಡ್ಡದನ್ನೇ ಹಾಕಿಸಿದೆ.

ಮಾರ್ಚ್ 5, ಬುಧವಾರ

ಕ್ಲಾಸ್ ಅಂದರೆ ಸಂತೆ. ತೆರೆಯ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ಕೆಳಗೆ ಇನ್ನೊಂದು. ಬರೆಯುವ ಜಾಗ ಎಲ್ಲಿ ಎಂದು ತೋರಿಸುವುದರಲ್ಲೇ ಅರ್ಧ ಗಂಟೆ.

ನರ್ಸ್ ಅರ್ಧ ಸಾಲು ಬರೆದು ಕೈ ಮಡಚಿ ಕೂತಿದ್ದರು.

“ತಪ್ಪಾಯ್ತು ಮೇಡಂ.”

“ಇನ್ನೂ ಪೂರ್ತಿ ಬರೆದೇ ಇಲ್ವಲ್ಲ?”

“ಕೆಂಪು ಗೆರೆ ಬಂತಲ್ಲ ಮತ್ತೆ!”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕಂಡಿದ್ದೆ. ಹುಟ್ಟದ ಕೂಸಿಗೆ ಏಟು ಕೊಡುವುದನ್ನು ಇವತ್ತೇ ಕಂಡದ್ದು.

ವಾಚ್‌ನವರು ಒಂದು ಅಕ್ಷರ ಒತ್ತಿ ಯೋಚಿಸುತ್ತಾರೆ. ಅಷ್ಟರಲ್ಲಿ ಎಡಿಟರ್ ಹತ್ತು ಪದಗಳ ಪಟ್ಟಿ ಇಳಿಸುತ್ತದೆ. ಎಂಟರ್ ಒತ್ತಿದರೆ ಅದಕ್ಕೆ ಬೇಕಾದ ಪದ ಬಂದು ಕೂರುತ್ತದೆ. ಅಳಿಸುತ್ತಾರೆ. ಮತ್ತೆ ಅದೇ. ಕೊನೆಗೆ ಕೈ ಎತ್ತಿದರು.

“ಮೇ... ಮೇಡಂ, ಇ... ಇದು...”

“ಸ್ಲೋ ಆಗಿದ್ಯಾ? ರೀಸ್ಟಾರ್ಟ್ ಮಾಡ್ತೀನಿ ಇರಿ.”

ಅಲ್ಲವೆಂದು ತಲೆಯಾಡಿಸಿದರು. ನಾನು ಮಾಡಿಯೇಬಿಟ್ಟೆ. ಅವರು ಬರೆದಿದ್ದ ನಾಲ್ಕು ಸಾಲೂ ಹೋಯಿತು. ಕನ್ನಡಕ ಡಬ್ಬಿಗೆ ಹಾಕಿಕೊಂಡು ಹೊರಟರು.

ಮಾರ್ಚ್ 10, ಸೋಮವಾರ

ಮೂಲೆಯ ಕುರ್ಚಿ ಖಾಲಿ. ಜ್ವರ ಇರಬೇಕು.

ಮಾರ್ಚ್ 12, ಬುಧವಾರ

ಜ್ವರವಲ್ಲ. ಲೈಬ್ರರಿ ಕೌಂಟರ್‌ನಲ್ಲಿ ನನ್ನ ಹೆಸರಿಗೆ ವಾಚ್‌ನವರ ಚೀಟಿ. ಅಕ್ಷರ ಸಾಸಿವೆ ಕಾಳಿನಷ್ಟು. ಹಾಗೇ ಇಲ್ಲಿ ಬರೆದಿಡುತ್ತೇನೆ, ಮರೆಯಬಾರದು:

“ನನ್ನಂತೆ ನನ್ನ ಮೊಮ್ಮಗಳಿಗೂ ಮಾತು ತಡೆಯುತ್ತದೆ. ಆರು ವರ್ಷ. ಶಾಲೆಯಲ್ಲಿ ಎದ್ದು ನಿಂತು ಹೆಸರು ಹೇಳಬೇಕಿತ್ತು. ತಡವಾಯಿತೆಂದು ಪಕ್ಕದ ಹುಡುಗಿ ಹೇಳಿಬಿಟ್ಟಳಂತೆ. ಅಂದಿನಿಂದ ಶಾಲೆಯಲ್ಲಿ ಬಾಯಿ ತೆರೆದಿಲ್ಲ. ಮೂವತ್ತೊಂದನೇ ತಾರೀಕು ಮತ್ತೆ ಎಲ್ಲ ಮಕ್ಕಳೂ ಎದ್ದು ಹೆಸರು ಹೇಳಬೇಕು. ಪ್ರಶ್ನೆ ಕೇಳಿ, ಅವಳು ಮುಗಿಸುವ ತನಕ ಕಾಯುವ ಒಂದು ಪ್ರೋಗ್ರಾಂ ಮಾಡಿಕೊಡೋಣವೆಂದು ಬಂದೆ. ಮನುಷ್ಯರು ಕಾಯುವುದಿಲ್ಲ, ಯಂತ್ರವಾದರೂ ಕಾಯುತ್ತದೆ ಎಂದುಕೊಂಡಿದ್ದೆ. ಇದೂ ಬಾಯಿಂದ ಮಾತು ಕಸಿಯುತ್ತದೆ. ಅಂದು ನಾನು ಹೇಳಲು ಬಂದದ್ದು ಇದನ್ನೇ, ಸ್ಲೋ ಎಂದಲ್ಲ. ಇರಲಿ. ನಿಮಗೆ ವಂದನೆಗಳು.”

ಎರಡು ಸಲ ಓದಿದೆ. ಮನೆಗೆ ಬಂದು ಮೂರನೇ ಸಲ. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಎಡಿಟರ್‌ನ ಎಲೆಯ ನೊಣ ಎಣಿಸುತ್ತಿದ್ದೆ. ನಾಚಿಕೆಯಾಯಿತು.

ಮಾರ್ಚ್ 13, ಗುರುವಾರ

ತಮ್ಮನಿಗೆ ಚೀಟಿ ಓದಿ ಹೇಳಿದೆ. ತಮಾಷೆ ಮಾಡಲಿಲ್ಲ.

“ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡ್ಬೋದು ಅಕ್ಕ.”

“ಮಾಡ್ದೆ ಕಣೋ. ಲೈಬ್ರರಿ ಕಂಪ್ಯೂಟರ್, ದಿನಾ ಬೆಳಿಗ್ಗೆ ಎಲ್ಲಾ ಮರೆತು ಹೊಸದಾಗಿ ಏಳತ್ತೆ. ನನ್ ಸೆಟ್ಟಿಂಗ್ ಎಲ್ಲಿ ಉಳಿಯತ್ತೆ?”

“ಹಾಗಾದ್ರೆ ಏನೂ ಬರದೇ ಇರೋದನ್ನೇ ಹುಡ್ಕೋಣ.”

ಆಫೀಸಿನ ಊಟದ ಹೊತ್ತು ಬಿಟ್ಟುಕೊಟ್ಟು ಫೋನಿನಲ್ಲೇ ನನ್ನ ಜೊತೆ ಹುಡುಕಿದ. ಒಳ್ಳೆಯ ಹುಡುಗ, ಐವತ್ತೊಂದಾದರೂ. ಮೂರು ನೋಡಿದೆವು. ಮೊದಲನೆಯದರಲ್ಲಿ ಅಕ್ಷರ ದೊಡ್ಡದು ಮಾಡಲು ಬರದು. ಎರಡನೆಯದು ಮೊದಲು ಅಕೌಂಟ್ ತೆರೆ ಎಂದಿತು, ತೆರೆಯಲಿಲ್ಲ. ಮೂರನೆಯದು ಬ್ರೌಸರ್‌ನಲ್ಲೇ ತೆರೆಯುತ್ತದೆ, ಏನನ್ನೂ ಹಾಕಿಸಬೇಕಿಲ್ಲ—ಬಿಳಿ ಹಾಳೆ. ಎಡಕ್ಕೆ ಸಾಲಿನ ನಂಬರ್. ಮೇಲೆ, ಬರೆದದ್ದನ್ನು ‘ಓಡಿಸು’ ಎನ್ನಲು ಒಂದು ಬಟನ್. ಮುಗಿಯಿತು. ಆ ಬಟನ್ ಒತ್ತುವ ತನಕ ತಪ್ಪೆಂದೂ ಅನ್ನದು, ಸರಿಯೆಂದೂ ಅನ್ನದು. ಎಂಟನೇ ಕಂಪ್ಯೂಟರ್‌ನಲ್ಲೂ ತಟ್ಟದೆ ತೆರೆಯಿತು!

ಕರ್ಸರ್ ಮಿನುಗುತ್ತಿತ್ತು. ನೋಡುತ್ತಾ ಕೂತೆ. ಅದಕ್ಕೆ ಯಾವ ಅವಸರವೂ ಇಲ್ಲ.

ಮಾರ್ಚ್ 14, ಶುಕ್ರವಾರ

ವಾಚ್ ಅಂಗಡಿಗೆ ಹೋದೆ. ಎರಡು ಮೊಳದ ಅಂಗಡಿ, ಗೋಡೆ ತುಂಬ ಗಡಿಯಾರ, ಒಂದೊಂದರದು ಒಂದೊಂದು ಸಮಯ. ದಾರಿಯಲ್ಲೇ ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿಕೊಂಡಿದ್ದೆ. ಬಾಯಿಗೆ ಬೀಗ ಬೇಕಲ್ಲ.

“ತಪ್ಪಾಯ್ತು. ಬೇರೆ ಎಡಿಟರ್ ಸಿಕ್ಕಿದೆ. ಅದು ಬಾಯಿ ಹಾಕಲ್ಲ. ಬರ್ತೀರಾ?”

ಇಷ್ಟೇ ಹೇಳಿದ್ದು. ಆಮೇಲೆ ಕಾದೆ. ದೇವರೇ, ಎಷ್ಟು ಕಷ್ಟ! ಅವರ ತುಟಿಯ ಮೇಲೆ ಅಕ್ಷರ ನಿಂತಿದೆ, ನನ್ನ ನಾಲಿಗೆ ತುದಿಯಲ್ಲಿ ಇಡೀ ವಾಕ್ಯ ಕುಣಿಯುತ್ತಿದೆ. ಪೆಪ್ಪರ್‌ಮಿಂಟ್ ಕಚ್ಚಿದೆ.

“ಬ... ಬರ್ತೀನಿ,” ಅಂದರು. “ಆದ್ರೆ ನೀ... ನೀವೂ ಬಾಯಿ ಹಾ... ಹಾಕ್ಬಾರ್ದು.”

ಇಬ್ಬರೂ ನಕ್ಕೆವು. ನಾನು ಊಹಿಸಿದ್ದ ವಾಕ್ಯ ಬೇರೆಯೇ ಇತ್ತು. ಇದು ಅದಕ್ಕಿಂತ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟು ಮಾತು ತುಂಡರಿಸಿದ್ದೇನೋ...

ಮಾರ್ಚ್ 17, ಸೋಮವಾರ

ಎಂಟರಲ್ಲೂ ಚಿಕ್ಕ ಎಡಿಟರ್. ಕ್ಲಾಸಿನಲ್ಲಿ ಕೀಬೋರ್ಡ್ ಸದ್ದು ಮಾತ್ರ. ನರ್ಸ್ ಮೊದಲ ಬಾರಿ ಸಾಲು ಪೂರ್ತಿ ಬರೆದರು. ತಪ್ಪಿತ್ತು. ತಾವೇ ಹುಡುಕಿ ತಿದ್ದಿ, “ನೋಡಿ, ಪೇಷಂಟ್ ಎದ್ದು ಕೂತ!” ಅಂದರು. ಬಸ್ ಡ್ರೈವರ್ ಮಾತ್ರ, “ಇದು ಗೇರೇ ಇಲ್ಲದ ಗಾಡಿ ಮೇಡಂ,” ಎಂದು ಗೊಣಗಿದರು. ಗೊಣಗುತ್ತಲೇ ಹತ್ತು ಸಾಲು ಬರೆದರು.

ವಾಚ್‌ನವರು ಬಂದಿದ್ದರು. ಒಂದೊಂದೇ ಅಕ್ಷರ, ಹಲ್ಲಿನ ಚಕ್ರ ಕೂರಿಸುವ ಹಾಗೆ. ಎರಡು ಪೆಪ್ಪರ್‌ಮಿಂಟ್ ಖರ್ಚಾಯಿತು.

ಮಾರ್ಚ್ 29, ಶನಿವಾರ

ಹನ್ನೆರಡು ದಿನ ಬರೆದಿಲ್ಲ. ಬರೆಯಲು ಪುರುಸೊತ್ತೆಲ್ಲಿ, ದಿನಾ ಕ್ಲಾಸ್! ಲೈಬ್ರರಿಯವರು ಕೇಳಿದಾಗಲೆಲ್ಲ ಬೀಗದ ಕೈ ಕೊಟ್ಟರು. ಅವರ ಹೊಟ್ಟೆ ತಣ್ಣಗಿರಲಿ.

ಇವತ್ತು ಮೊಮ್ಮಗಳು ಬಂದಳು. ಎರಡು ಜಡೆ, ಮುಂದಿನ ಹಲ್ಲಿಲ್ಲ. ಅಜ್ಜನ ಕುರ್ಚಿಯ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು ಕೂರಿಸಿದೆವು. ವಾಚ್‌ನವರು ಪೆನ್‌ಡ್ರೈವ್‌ನಿಂದ ತಮ್ಮ ಪ್ರೋಗ್ರಾಂ ತೆರೆದು ಬಟನ್ ಒತ್ತಿದರು. ತೆರೆಯ ಮೇಲೆ: ನಿನ್ನ ಹೆಸರೇನು?

ಕೆಳಗೆ ಕರ್ಸರ್. ಅವಳು ನೋಡಿದಳು. ಅದು ಮಿನುಗಿತು. ಅಜ್ಜನನ್ನು ನೋಡಿದಳು. ಅಜ್ಜ ತೆರೆಯ ಕಡೆ ಕೈ ತೋರಿಸಿದರು. ಬೇಕರಿಯಾಕೆ ಏನೋ ಹೇಳಲು ಹೋದಳು, ಓರಗಿತ್ತಿ ಸೊಂಟ ಚಿವುಟಿದಳು. ಮಗು ಒಂದು ಅಕ್ಷರ ಒತ್ತಿ, ಅದನ್ನೇ ಬಾಯಲ್ಲೂ ಹೇಳಿದಳು. ತಡೆಯಿತು. ಬೆರಳು ಹಾಗೇ ನಿಂತಿತು. ನಾವೆಲ್ಲ ನಿಂತೆವು. ಆಮೇಲೆ ಎರಡನೆಯದು. ಪೂರ್ತಿ ಹೆಸರು, ಒತ್ತುತ್ತಾ, ಹೇಳುತ್ತಾ. ಎಷ್ಟು ಹೊತ್ತಾಯಿತೋ, ಗಡಿಯಾರ ನೋಡಲಿಲ್ಲ.

ತೆರೆಯ ಮೇಲೆ ಬಂತು: ಕಾಯ್ತಾ ಇದ್ದೆ. ಚೆನ್ನಾಗಿದೆ ನಿನ್ನ ಹೆಸರು.

“ಇ... ಇನ್ನೊಂದ್ ಸಲ!” ಅಂದಳು. ಹದಿನಾಲ್ಕು ಸಲ ಆಯಿತು. ಪ್ರತಿ ಸಲವೂ ತಡೆಯಿತು, ಪ್ರತಿ ಸಲವೂ ಮುಗಿಸಿದಳು.

ಅವಳ ತಡೆ ಹೋಗುವುದಿಲ್ಲ, ಗೊತ್ತು. ಅವಳ ಅಜ್ಜನದೂ ಹೋಗಿಲ್ಲ. ಸೋಮವಾರ ಅವಳು ಎದ್ದು ನಿಂತರೆ ಸಾಕು. ಆ ಚೀಟಿ ಬರೆದ ಮನುಷ್ಯನಿಗೆ ನಾನು ಋಣಿ. ಬರೆಯದೆ ಸುಮ್ಮನೆ ಹೋಗಿಬಿಡಬಹುದಿತ್ತು.

ಮಾರ್ಚ್ 31, ಸೋಮವಾರ, ಸಂಜೆ 4.20

ಬೆಳಿಗ್ಗೆಯಿಂದ ಮನಸ್ಸು ನಿಂತಲ್ಲಿ ನಿಂತಿಲ್ಲ. ಈಗ ತಾನೇ ಫೋನ್—ವಾಚ್‌ನವರದು! ಫೋನ್ ಎಂದರೆ ಹರದಾರಿ ದೂರ ಓಡುವ ಮನುಷ್ಯ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

“ಮೇ... ಮೇಡಂ, ಶಾ... ಶಾ...”

ಪೆಪ್ಪರ್‌ಮಿಂಟ್ ಹಾಕಿಕೊಂಡೆ.

ಹಿಂದಿನಿಂದ ಮಗುವಿನ ಧ್ವನಿ. “ಅಜ್ಜಾ, ಕೊ... ಕೊಡು. ನಾನೇ ಹೇಳ್ತೀನಿ.”

ಫೋನ್ ಕೈ ಬದಲಾಯಿತು. ಉಸಿರು ಕೇಳಿಸುತ್ತಿದೆ.

“ನಾ... ನಾನು ಇ... ಇವತ್ತು...”

ಮುಂದಿನದು ನನಗೆ ಗೊತ್ತು. ಹೇಳುವುದಿಲ್ಲ. ಟೀ ಆರುತ್ತಿದೆ, ಆರಲಿ. ಪೆಪ್ಪರ್‌ಮಿಂಟ್ ಕರಗಿತು. ಅಕ್ಷರ ಕಣ್ಣಿಗೆ ಮಂಜಾಗುತ್ತಿದೆ. ಅವಳೇ ಹೇಳಲಿ. ನಾನು ಕಾಯುತ್ತ—